ಮುಂಬಯಿಯ ಪುಟ್ಟ ಮನೆಯಲ್ಲಿ ಕ್ರೈಸ್ತ ಅತಿಥಿಸತ್ಕಾರ: ಮೊದಲಿನಿಂದ ಕೊನೆಯವರೆಗೆ ಮಾಡುವ ಕ್ರಮ

ಭಾನುವಾರದ ಆರಾಧನೆ ಮುಗಿದು ಚರ್ಚಿನ ಮೆಟ್ಟಿಲಿಳಿಯುವಾಗ “ಒಮ್ಮೆ ಮನೆಗೆ ಬನ್ನಿ” ಎಂದು ನಾವು ಎಷ್ಟೋ ಮಂದಿಗೆ ಹೇಳುತ್ತೇವೆ. ಯಾವತ್ತು ಬರಬೇಕೆಂದು ಹೇಳುವುದಿಲ್ಲವಾದ್ದರಿಂದ ಅವರು ಬರುವುದಿಲ್ಲ, ನಾವೂ ಮರೆಯುತ್ತೇವೆ. ಇನ್ನು ಕೆಲವು ಮನೆಗಳಲ್ಲಿ ವರ್ಷಕ್ಕೊಮ್ಮೆ ಇಪ್ಪತ್ತು ಜನರನ್ನು ಕರೆದು, ಎರಡು ದಿನ ಅಡುಗೆ ಮಾಡಿ, ಕೈಮೀರಿ ಖರ್ಚು ಮಾಡಿ, ಕೊನೆಗೆ ಮನೆಯ ಹೆಂಗಸು ಸೊಂಟ ಹಿಡಿದುಕೊಂಡು ಕೂತ ಮೇಲೆ “ಇನ್ನು ಸದ್ಯಕ್ಕೆ ಯಾರೂ ಬೇಡ” ಎಂಬ ತೀರ್ಮಾನವಾಗುತ್ತದೆ. ಎರಡೂ ಕಡೆ ಮನಸ್ಸು ಒಳ್ಳೆಯದೇ; ಕೆಡುವುದು ಕೆಲಸದ ಕ್ರಮ. ಬಹುತೇಕರು ಅಡುಗೆಯಿಂದ ಆರಂಭಿಸುತ್ತಾರೆ. ಆದರೆ ಮೊದಲು ಆಗಬೇಕಾದದ್ದು ಮನೆಯವರ ಒಪ್ಪಿಗೆ, ಆಮೇಲೆ ದಿನ, ಆಮೇಲೆ ಅತಿಥಿ. ಏನು ಬೇಯಿಸಬೇಕೆಂಬ ಮಾತು ಅವೆಲ್ಲ ಗೊತ್ತಾದ ನಂತರದ್ದು.

ಈ ಮಾರ್ಗದರ್ಶಿಯನ್ನು ಬರೆದಿರುವುದು ಕುರ್ಲಾ, ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರಾ ಮುಂತಾದ ಕಡೆ ಒಂದು ಬೆಡ್‌ರೂಮಿನ ಅಥವಾ ಬರೀ ಒಂದು ರೂಮು-ಕಿಚನ್‌ನ ಮನೆಗಳಲ್ಲಿರುವ, ಗಂಡ ಹೆಂಡತಿ ಇಬ್ಬರೂ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವ ಕನ್ನಡ ಕ್ರೈಸ್ತ ಕುಟುಂಬಗಳಿಗಾಗಿ. ಅತಿಥಿಗೆಂದು ಬೇರೆ ಕೋಣೆಯಾಗಲಿ, ಕೆಲಸಕ್ಕೆ ಆಳಾಗಲಿ ಇರಬೇಕೆಂದು ಇದರಲ್ಲಿ ಎಲ್ಲಿಯೂ ಭಾವಿಸಿಲ್ಲ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ಎರಡು ದೊಡ್ಡ ಚಾಪೆ, ಒಂದೇ ಬಗೆಯ ಎಂಟು ಸ್ಟೀಲ್ ತಟ್ಟೆ ಮತ್ತು ಲೋಟ, ಬಿಸಿ ಉಳಿಯುವ ಒಂದು ಹಾಟ್‌ಕೇಸ್, ಮಡಚಿಡಬಹುದಾದ ಒಂದು ಹಾಸಿಗೆ, ಬೇರೆಯಾಗಿ ಎತ್ತಿಟ್ಟ ಎರಡು ಒಗೆದ ಬೆಡ್‌ಶೀಟ್ ಮತ್ತು ಟವೆಲ್, ಗೋಡೆಯ ಕ್ಯಾಲೆಂಡರ್, ಒಂದು ಚಿಕ್ಕ ನೋಟ್‌ಬುಕ್. ಇಷ್ಟೇ ಸಾಕು. ತಟ್ಟೆಗಳು ಒಂದೇ ಬಗೆಯವಾಗಿರಲಿ ಎಂದು ಹೇಳಲು ಕಾರಣವಿದೆ: ದೊಡ್ಡವರಿಗೆ ಪಿಂಗಾಣಿ, ಕೆಲಸದವರಿಗೆ ಹಳೆಯ ಸ್ಟೀಲ್ ಎಂಬ ಭೇದ ನಮ್ಮ ಮನೆಗಳಲ್ಲಿ ಗೊತ್ತಿಲ್ಲದೆಯೇ ನಡೆಯುತ್ತದೆ, ಮತ್ತು ಅದನ್ನು ಗಮನಿಸದ ಅತಿಥಿ ಇಲ್ಲ.

ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು, ಅವರು ತಿನ್ನದ ಪದಾರ್ಥ, ಅವರು ಪ್ರಾರ್ಥನೆಗೆ ಹೇಳಿದ ವಿಷಯ ಇಷ್ಟನ್ನು ಬರೆದಿಡಿ. ಆರು ತಿಂಗಳಾದ ಮೇಲೆ “ನಿಮ್ಮ ತಂಗಿಯ ಕಣ್ಣಿನ ಆಪರೇಷನ್ ಆಯಿತೇ?” ಎಂದು ಕೇಳಲು ಸಾಧ್ಯವಾಗುವುದು ಇದರಿಂದಲೇ.

ಹಂತ 1: ಮನೆಯವರೆಲ್ಲರ ಒಪ್ಪಿಗೆ ಪಡೆಯುವುದು

ಗುಣುಗುಟ್ಟದೆ ಅತಿಥಿಸತ್ಕಾರ ಮಾಡಿರಿ ಎಂದು 1 ಪೇತ್ರ 4:9ರಲ್ಲಿದೆ. ಗುಣುಗುಟ್ಟುವಿಕೆ ಹುಟ್ಟುವುದು ಕೆಲಸ ಹೆಚ್ಚಾಯಿತೆಂಬುದಕ್ಕಿಂತ ಕೇಳದೆ ಹೇರಿದರೆಂಬ ನೋವಿನಿಂದ. ಗಂಡನು ಚರ್ಚಿನ ಗೇಟಿನಿಂದ ಫೋನು ಮಾಡಿ “ನಾಲ್ಕು ಜನ ಬರ್ತಿದ್ದಾರೆ, ಸ್ವಲ್ಪ ಅನ್ನ ಹೆಚ್ಚಿಗೆ ಇಡು” ಎಂದರೆ ಅದು ಹೆಂಡತಿಯ ದುಡಿಮೆಯಿಂದ ಗಂಡನು ಹೆಸರು ಪಡೆದಂತಾಗುತ್ತದೆಯೇ ಹೊರತು ಆ ಮನೆಯ ಸತ್ಕಾರವಾಗುವುದಿಲ್ಲ.

ಆದ್ದರಿಂದ ವಾರದ ನಡುವೆ ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತು ಮಾತಾಡಿ. ತಿಂಗಳಿಗೆ ಎಷ್ಟು ಸಲ? ಒಂದು ಸಲಕ್ಕೆ ಎಷ್ಟು ಜನ? ಖರ್ಚು ಎಷ್ಟರೊಳಗೆ? ಯಾರು ಏನು ಮಾಡುತ್ತಾರೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅತ್ತೆಗೆ ಮಧ್ಯಾಹ್ನ ಮಲಗುವ ರೂಢಿಯಿದ್ದರೆ ಆ ಒಂದು ಗಂಟೆ ಅವರಿಗೆ ಒಳಕೋಣೆ ಬಿಟ್ಟುಕೊಡಬೇಕು. ಮಗನಿಗೋ ಮಗಳಿಗೋ ಹತ್ತನೆಯ ಅಥವಾ ಹನ್ನೆರಡನೆಯ ಬೋರ್ಡ್ ಪರೀಕ್ಷೆಯಿದ್ದರೆ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ಬಿಟ್ಟುಬಿಡಿ. ಕೆಲಸ ಹಂಚುವಾಗ ಗಂಡಸರ ಹೆಸರಿನ ಮುಂದೆ ಮಾರ್ಕೆಟಿಗೆ ಹೋಗಿಬರುವುದನ್ನು ಮಾತ್ರ ಬರೆಯಬಾರದು. ಪಾತ್ರೆ ತೊಳೆಯುವುದನ್ನೂ ಬಾತ್‌ರೂಮು ಉಜ್ಜುವುದನ್ನೂ ಬರೆಯಿರಿ.

ಎಚ್ಚರಿಕೆಯ ಸೂಚನೆ: ಹಂಚಿಕೆಯ ಪಟ್ಟಿಯಲ್ಲಿ ಮೂರು ಕೆಲಸಗಳ ಎದುರು ಒಬ್ಬರದೇ ಹೆಸರಿದ್ದರೆ ಪಟ್ಟಿಯನ್ನು ಮತ್ತೆ ಬರೆಯಬೇಕು.

ಹಂತ 2: ದಿನ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು

ತಿಂಗಳಿಗೆ ಒಂದು ನಿಶ್ಚಿತ ದಿನವಿರಲಿ. ಉದಾಹರಣೆಗೆ ಎರಡನೆಯ ಭಾನುವಾರದ ಮಧ್ಯಾಹ್ನ. ಬಿಡುವಾದಾಗ ಕರೆಯೋಣ ಎಂದುಕೊಂಡರೆ ಈ ಊರಿನಲ್ಲಿ ಯಾರಿಗೂ ಬಿಡುವಾಗುವುದಿಲ್ಲ. ಯಾರು ಬರುತ್ತಾರೆಂದು ಗೊತ್ತಾಗುವ ಮೊದಲೇ ದಿನವನ್ನು ಗುರುತುಹಾಕಿದರೆ ಆ ದಿನಕ್ಕೆ ತಕ್ಕ ಮನುಷ್ಯರನ್ನು ಮನಸ್ಸು ಹುಡುಕತೊಡಗುತ್ತದೆ.

ಭಾನುವಾರವಾದರೆ ಹಳಿ ದುರಸ್ತಿಗೆಂದು ರೈಲ್ವೆಯವರು ಮಾಡುವ ಮೆಗಾಬ್ಲಾಕನ್ನು ಮರೆಯಬೇಡಿ. ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಸುಮಾರು 11ರಿಂದ ಮಧ್ಯಾಹ್ನ 4ರವರೆಗೆ ಗಾಡಿಗಳು ತಡವಾಗುತ್ತವೆ ಅಥವಾ ಕೆಲವು ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ. ಶನಿವಾರ ಸಂಜೆ ಪ್ರಕಟಣೆ ನೋಡಿ ಅತಿಥಿಗೆ ತಿಳಿಸಿ. ನೀರು ಬರುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಮಾತ್ರ ನೀರು ಬರುವ ಕಟ್ಟಡಗಳಲ್ಲಿ ಆ ದಿನ ಎರಡು ಬಕೆಟ್ ಹೆಚ್ಚು ತುಂಬಿಡುವುದು ಅಡುಗೆಗಿಂತ ಮುಂಚಿನ ಕೆಲಸ.

ಹಂತ 3: ಯಾರನ್ನು ಕರೆಯಬೇಕೆಂದು ನಿರ್ಧರಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ನಮ್ಮ ಸತ್ಕಾರವು ಕ್ರೈಸ್ತ ಸತ್ಕಾರವೋ ಬರೀ ಬಳಗದ ಕೂಟವೋ ಎಂಬುದು ತೀರ್ಮಾನವಾಗುವುದು ಇದೇ ಹಂತದಲ್ಲಿ. ಲೂಕ 14:12-14ರಲ್ಲಿ ಯೇಸು ತನ್ನನ್ನು ಊಟಕ್ಕೆ ಕರೆದವನಿಗೇ ನೇರವಾಗಿ ಹೇಳುತ್ತಾನೆ: ಸ್ನೇಹಿತರು, ಅಣ್ಣತಮ್ಮಂದಿರು, ಬಂಧುಗಳು, ಐಶ್ವರ್ಯವಂತರಾದ ನೆರೆಯವರು ಇವರನ್ನು ಕರೆದರೆ ಅವರೂ ನಿನ್ನನ್ನು ಕರೆದು ಮುಯ್ಯಿ ತೀರಿಸಿಬಿಡುತ್ತಾರೆ; ಬಡವರು, ಊನವಾದವರು, ಕುಂಟರು, ಕುರುಡರು ಇವರನ್ನು ಕರೆ, ಅವರಿಗೆ ಹಿಂದಕ್ಕೆ ಕೊಡಲು ಏನೂ ಇಲ್ಲ. ಬಂಧುಗಳನ್ನು ಕರೆಯುವುದು ತಪ್ಪಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಆ ಒಂದು ದಿನ ಮಾತ್ರ ಬಂಧುಗಳಿಗೆ ಸಲ್ಲತಕ್ಕದ್ದಲ್ಲ.

ಮುಂಬಯಿಯಲ್ಲಿ ಮುಯ್ಯಿ ತೀರಿಸಲಾರದವರು ಯಾರು? ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಐದು ಜನರ ಜೊತೆ ಇರುವ ಬೀದರಿನ ನರ್ಸ್ ಹುಡುಗಿ. ಉಡುಪಿ ಹೋಟೆಲಿನಲ್ಲಿ ದಿನವಿಡೀ ಬೇರೆಯವರಿಗೆ ಬಡಿಸಿ, ತಾನು ಕೂತು ಉಣ್ಣುವುದನ್ನೇ ಮರೆತಿರುವ ಹುಡುಗ. ಮಗ ದುಬೈಯಲ್ಲೋ ಕುವೈತಿನಲ್ಲೋ ಇರುವ, ಒಬ್ಬರಿಗಾಗಿ ಒಲೆ ಹಚ್ಚಲು ಮನಸ್ಸಾಗದೆ ಬಿಸ್ಕತ್ತು ಚಹಾದಲ್ಲಿ ರಾತ್ರಿ ಕಳೆಯುವ ವಿಧವೆ. ನಿಮ್ಮ ಕಟ್ಟಡದ ವಾಚ್‌ಮನ್. ಮನೆಗೆಲಸಕ್ಕೆ ಬರುವ ಹೆಂಗಸು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ಬಂದು, ರೋಗಿಯನ್ನು ಒಳಗೆ ಬಿಟ್ಟು ಹೊರಗೆ ಕಾಯುತ್ತಿರುವ ಗಂಡ ಅಥವಾ ತಾಯಿ. ಹಿಂದಿನ ಬೆಂಚಿನಲ್ಲಿ ಕೂತು ಕೊನೆಯ ಕೀರ್ತನೆ ಮುಗಿಯುವ ಮೊದಲೇ ಎದ್ದುಹೋಗುವ ಆ ಒಬ್ಬರು ಯಾರೆಂದು ನಿಮ್ಮ ಸಭಾಪಾಲಕರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ನಮ್ಮ ಕನ್ನಡ ಸಭೆಗಳಲ್ಲಿ ಪದೇ ಪದೇ ಆಗುವ ಇನ್ನೊಂದು ತಪ್ಪನ್ನು ಬಿಚ್ಚಿ ಹೇಳಲೇಬೇಕು. ಮಂಗಳೂರಿನವರು ಮಂಗಳೂರಿನವರನ್ನು, ಕಲಬುರಗಿಯವರು ಕಲಬುರಗಿಯವರನ್ನು, ಧಾರವಾಡದವರು ಧಾರವಾಡದವರನ್ನು ಕರೆಯುತ್ತಾರೆ. ಒಂದೇ ಭಾಷೆಯಲ್ಲಿ ಹಾಡಿ, ಒಂದೇ ಕರ್ತನ ಮೇಜಿನಲ್ಲಿ ಪಾಲು ತೆಗೆದುಕೊಂಡವರು ಊಟದ ತಟ್ಟೆಯ ಮುಂದೆ ಜಿಲ್ಲೆವಾರು ಬೇರೆಯಾಗುವುದು ದುಃಖದ ಸಂಗತಿ. ಪ್ರತಿ ಸಲವೂ ನಿಮ್ಮ ಊರಿನ ಕಡೆಯವರಲ್ಲದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ಕ್ರೈಸ್ತರಲ್ಲದ ನೆರೆಯವರೂ ಈ ಪಟ್ಟಿಗೆ ಸೇರಿದವರೇ. ನಿಮ್ಮ ನಡುವೆ ಇಳಿದುಕೊಂಡಿರುವ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿರಿ ಎಂಬ ಯಾಜಕಕಾಂಡ 19:34ರ ಆಜ್ಞೆ ಆ ಪರದೇಶಿಯ ಮತವನ್ನು ವಿಚಾರಿಸುವುದಿಲ್ಲ.

ಮೊದಲ ಸಲಕ್ಕೆ ಇಬ್ಬರು ಸಾಕು. ರೂಢಿಯಾದ ಮೇಲೆ ನಾಲ್ವರು. ಚಿಕ್ಕ ಮನೆಯಲ್ಲಿ ಅದಕ್ಕಿಂತ ಹೆಚ್ಚಾದರೆ ಮಾತು ಒಡೆದು ಎರಡು ಗುಂಪಾಗುತ್ತದೆ, ಸಂಕೋಚದವರು ಗೋಡೆಯ ಪಾಲಾಗುತ್ತಾರೆ.

ಹಂತ 4: ಸ್ಪಷ್ಟವಾಗಿ ಕರೆಯುವುದು

ಕರೆಯಲ್ಲಿ ದಿನ, ಹೊತ್ತು, ಯಾರು ಯಾರು ಇರುತ್ತಾರೆ, ಹೇಗೆ ಬರಬೇಕು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಈ ಐದೂ ಇರಬೇಕು. ಫೋನಿನಲ್ಲಿ ಹೀಗೆ ಹೇಳಬಹುದು: “ಅಕ್ಕಾ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಜೊತೆಯೇ ಮನೆಗೆ ಬನ್ನಿ, ಒಟ್ಟಿಗೆ ಊಟ ಮಾಡೋಣ. ನಾವು ನಾಲ್ಕು ಜನ, ನೀವು, ಮತ್ತೆ ಹೊಸದಾಗಿ ಬಂದಿರುವ ಆ ನರ್ಸ್ ಹುಡುಗಿ, ಅಷ್ಟೇ. ನಿಮಗೆ ತಿನ್ನಬಾರದ್ದು ಏನಾದರೂ ಇದೆಯಾ? ನಾಲ್ಕು ಗಂಟೆಯ ಹೊತ್ತಿಗೆ ನಮ್ಮ ಯಜಮಾನರು ನಿಮ್ಮನ್ನು ಸ್ಟೇಷನ್ನಿಗೆ ಬಿಡುತ್ತಾರೆ.” ಮುಗಿಯುವ ಹೊತ್ತನ್ನು ಹೇಳುವುದು ಒರಟುತನವೆಂದು ಕೆಲವರು ಭಾವಿಸುತ್ತಾರೆ. ಒಬ್ಬರೇ ವಾಸಿಸುವವರಿಗೂ ಪಾಳಿಯ ಮೇಲೆ ಕೆಲಸ ಮಾಡುವವರಿಗೂ ಅದರಿಂದ ಎಷ್ಟು ನಿರಾಳವಾಗುತ್ತದೆಂಬುದು ಅವರ ಮುಖ ನೋಡಿದರೆ ತಿಳಿಯುತ್ತದೆ.

ವಾಚ್‌ಮನ್ನರನ್ನೋ ಮನೆಗೆಲಸದವರನ್ನೋ ಕರೆಯುವಾಗ ಅವರ ಡ್ಯೂಟಿಯ ಹೊತ್ತನ್ನು ಮೊದಲು ಕೇಳಬೇಕು, ಮತ್ತು ಆ ದಿನ ಅವರಿಂದ ಒಂದು ಲೋಟವನ್ನೂ ತೊಳೆಸಬಾರದು.

ಕ್ರೈಸ್ತರಲ್ಲದವರನ್ನು ಊಟಕ್ಕೆಂದು ಕರೆದರೆ ಅದು ಊಟವೇ ಆಗಿರಬೇಕು. ಊಟಕ್ಕೆ ಕರೆದು, ಬಾಗಿಲು ಮುಚ್ಚಿದ ಮೇಲೆ ಪ್ರಾರ್ಥನಾಕೂಟವೆಂದು ತಿಳಿಸುವುದು ಸುಳ್ಳು. ಸುಳ್ಳಿನ ಮೇಲೆ ಕಟ್ಟಿದ ಸಾಕ್ಷಿ ನಿಲ್ಲುವುದಿಲ್ಲ. ಕೂಟವಿದ್ದರೆ ಕೂಟವೆಂದೇ ಹೇಳಿ ಕರೆಯಿರಿ, ಬರುವುದು ಬಿಡುವುದು ಅವರಿಗೆ ಸೇರಿದ್ದು. ನಮ್ಮ ವಿಶ್ವಾಸದ ಬಗ್ಗೆ ಅವರು ತಾವಾಗಿ ಕೇಳಿದರೆ ಮರೆಮಾಚದೆ, ಸಂತೋಷದಿಂದ ಹೇಳೋಣ.

ಹಂತ 5: ಅಡುಗೆಯನ್ನು ಗೊತ್ತುಮಾಡುವುದು

ಅತಿಥಿಯೊಂದಿಗೆ ಕೂತು ಉಣ್ಣಲು ಬಿಡದ ಯಾವ ಅಡುಗೆಯನ್ನೂ ಆ ದಿನ ಮಾಡಬಾರದು. ಈ ಒಂದು ನಿಯಮವನ್ನು ಹಿಡಿದರೆ ಉಳಿದದ್ದೆಲ್ಲ ಸುಲಭ. ನೀರುದೋಸೆ, ಪೂರಿ, ಬಿಸಿಬಿಸಿ ಜೋಳದ ರೊಟ್ಟಿ ಇವೆಲ್ಲ ರುಚಿಯೇ. ಆದರೆ ಒಬ್ಬರು ಕೊನೆಯವರೆಗೆ ಒಲೆಯ ಮುಂದೆ ನಿಂತಿರಬೇಕಾಗುತ್ತದೆ, ಮತ್ತು ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಲೂಕ 10ನೆಯ ಅಧ್ಯಾಯದಲ್ಲಿ ಯೇಸುವನ್ನು ಮನೆಗೆ ಸೇರಿಸಿಕೊಂಡ ಮಾರ್ಥಳು ಬೇಸತ್ತದ್ದು ಸೇವೆ ಮಾಡಿದ್ದರಿಂದ ಅಲ್ಲ, ಬಹಳ ಸೇವೆಯ ವಿಷಯದಲ್ಲಿ ಬೇಸತ್ತಳೆಂದೇ ಅಲ್ಲಿ ಬರೆದಿದೆ. ರೊಟ್ಟಿ ಬೇಕೇಬೇಕೆಂದರೆ ಗರಿಗರಿಯಾದ ಕಟಕ ರೊಟ್ಟಿಯನ್ನು ಮುಂಚೆಯೇ ತಂದಿಡಬಹುದು. ಕೋರಿ ರೊಟ್ಟಿಯೂ ಈ ದೃಷ್ಟಿಯಿಂದ ಅನುಕೂಲವಾದದ್ದು. ಒಣ ರೊಟ್ಟಿ ಡಬ್ಬಿಯಲ್ಲಿರುತ್ತದೆ, ಸಾರು ಹಿಂದಿನ ರಾತ್ರಿಯ ಮಸಾಲೆಯಿಂದ ಬೆಳಿಗ್ಗೆ ಆಗುತ್ತದೆ.

ಎಂಟು ಜನರ ಊಟಕ್ಕೆ ಅನ್ನ, ಒಂದು ಸಾರು, ಒಂದು ಪಲ್ಯ, ಮೊಸರು, ಉಪ್ಪಿನಕಾಯಿ, ಬಾಳೆಹಣ್ಣು ಸಾಕು. ಅಕ್ಕಿ ತಲೆಗೆ ಸುಮಾರು 100 ಗ್ರಾಮಿನಂತೆ ಹಿಡಿದು, ಸ್ವಲ್ಪ ಹೆಚ್ಚಿಗೆ ಇರಲೆಂದು ಒಟ್ಟು 1 ಕಿಲೋ. ತೊಗರಿಬೇಳೆ ಕಾಲು ಕಿಲೋ. ಕೋಳಿ ಮಾಡುವುದಾದರೆ ಒಂದೂವರೆ ಕಿಲೋ. ಒಂದು ಕಿಲೋ ಅಕ್ಕಿಯನ್ನು 5 ಲೀಟರಿನ ಕುಕ್ಕರಿನಲ್ಲಿ ಒಂದೇ ಸಲಕ್ಕೆ ಇಡಬೇಡಿ. ಅಕ್ಕಿ ಬೇಳೆಗಳು ಉಬ್ಬಿ ನೊರೆ ಬರುವುದರಿಂದ ನೀರೂ ಸೇರಿ ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎರಡು ಸಲ ಮಾಡಿ, ಮೊದಲಿನದನ್ನು ಹಾಟ್‌ಕೇಸಿಗೆ ಹಾಕಿ ಮುಚ್ಚಿದರೆ ಬಿಸಿಯಾಗಿಯೇ ಇರುತ್ತದೆ. ಈ ಊರಿನ ಸೆಕೆಗೆ ಕೋಳಿಸಾರನ್ನು ಚರ್ಚಿಗೆ ಹೋಗಿಬರುವಷ್ಟು ಹೊತ್ತು ಹೊರಗೇ ಇಡುವುದು ಸರಿಯಲ್ಲ. ಆರಿಸಿ ಫ್ರಿಜ್ಜಿನಲ್ಲಿಟ್ಟು, ಬಂದ ಮೇಲೆ ಚೆನ್ನಾಗಿ ಕುದಿಸಿ.

ಪಥ್ಯದ ವಿಷಯದಲ್ಲಿ ಊಹೆ ಬೇಡ, ಕೇಳಿ ತಿಳಿಯಬೇಕು. ಜೈನ ನೆರೆಯವರು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲ. ಮುಸ್ಲಿಂ ಅತಿಥಿಗೆ ಹಲಾಲ್ ಮಾಂಸ ತರಬೇಕು, ಇಲ್ಲವಾದರೆ ಆ ದಿನ ಎಲ್ಲರಿಗೂ ಸಸ್ಯಾಹಾರ. ಶ್ರಾವಣದಲ್ಲಿ ಅನೇಕ ಮರಾಠಿ ಮನೆಗಳವರು ಮಾಂಸ ಬಿಟ್ಟಿರುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಕಥೋಲಿಕ ಸಹೋದರರಲ್ಲೂ ಹಲವರು ಹಾಗೆಯೇ. ಕೀಮೋಥೆರಪಿ ನಡೆಯುತ್ತಿರುವವರಿಗೆ ಹಸಿ ಕೋಸಂಬರಿ, ಹೊರಗೆ ಕೊಯ್ದ ಹಣ್ಣು ಬೇಡ. ಆಗತಾನೇ ಬೇಯಿಸಿದ ಊಟ, ಕುದಿಸಿದ ನೀರು ಕೊಟ್ಟು, ಉಳಿದದ್ದಕ್ಕೆ ಅವರ ವೈದ್ಯರು ಹೇಳಿದಂತೆ ನಡೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ನೆಗಡಿ ಇದ್ದರೆ ಅಂಥವರನ್ನು ಕರೆದ ದಿನವನ್ನು ಮುಂದಕ್ಕೆ ಹಾಕುವುದೇ ಪ್ರೀತಿ.

ಆದಿಕಾಂಡ 18ರಲ್ಲಿ ಅಬ್ರಹಾಮನು ಬಂದ ಮೂವರಿಗೆ ತುತ್ತು ರೊಟ್ಟಿ ಕೊಡುತ್ತೇನೆಂದು ಹೇಳಿ ಎಳೆಗರುವಿನ ಅಡುಗೆಯನ್ನೇ ಮಾಡಿಸುತ್ತಾನೆ. ಕಡಿಮೆ ಹೇಳಿ ಹೆಚ್ಚು ಮಾಡುವ ಆ ರೀತಿ ಒಳ್ಳೆಯದು. ಸಾಲ ಮಾಡಿ ಹೆಚ್ಚು ಮಾಡುವುದು ಮಾತ್ರ ಬೇಡ.

ಹಂತ 6: ಮನೆಯನ್ನು ಅಣಿಮಾಡುವುದು

ಬಾತ್‌ರೂಮು, ಕೂರುವ ಜಾಗ, ಚಪ್ಪಲಿ ಬಿಡುವ ಜಾಗ ಈ ಮೂರು ಚೊಕ್ಕಟವಾಗಿದ್ದರೆ ಸಾಕು. ಅಟ್ಟದ ಧೂಳು, ಬೀರುವಿನ ಮೇಲಿನ ಸೂಟ್‌ಕೇಸುಗಳು ಇದ್ದಲ್ಲಿಯೇ ಇರಲಿ. ಬಾತ್‌ರೂಮಿನ ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿ. ಹೊಸ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಸಿವಿಸಿ ತರುವುದು ಅದು. ಸೊಸೈಟಿಯ ಗೇಟಿನಲ್ಲಿ ಅತಿಥಿಯ ಹೆಸರನ್ನು ಮೊದಲೇ ತಿಳಿಸಿಡಿ. ಬಡ ಅತಿಥಿಯೊಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ “ಯಾರ ಮನೆಗೆ, ಯಾಕೆ” ಎಂದು ಮೂರು ಸಲ ಕೇಳಿದರೆ ಅವರು ಮೇಲೆ ಬರುವ ಹೊತ್ತಿಗೆ ಕುಗ್ಗಿಹೋಗಿರುತ್ತಾರೆ. ಸಾಧ್ಯವಾದರೆ ಮನೆಯ ಮಕ್ಕಳಲ್ಲಿ ಒಬ್ಬರು ಕೆಳಗಿಳಿದು ಕರೆತರಲಿ.

ಹಂತ 7: ಬಂದ ಗಳಿಗೆಯಿಂದ ಬೀಳ್ಕೊಡುವವರೆಗೆ

ಒಳಗೆ ಬಂದ ತಕ್ಷಣ ನೀರು, ಕೈಕಾಲು ತೊಳೆಯಲು ಜಾಗ, ಕೂರಲು ಫ್ಯಾನಿನ ಕೆಳಗಿನ ಸ್ಥಳ. ಟಿವಿ ಆರಿಸಿರಬೇಕು. ಊಟಕ್ಕೆ ಎಲ್ಲರೂ ಒಂದೇ ಚಾಪೆಯ ಮೇಲೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ನೆಲದಲ್ಲಿ ಕೂರಲಾರದ ಹಿರಿಯರಿದ್ದರೆ ಇನ್ನಿಬ್ಬರಾದರೂ ಕುರ್ಚಿಯಲ್ಲಿ ಅವರ ಜೊತೆ ಕೂರಲಿ. ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬ ಹಳೆಯ ಪದ್ಧತಿಯನ್ನು ಕ್ರಿಸ್ತನ ಹೆಸರಿನಲ್ಲಿ ನಡೆಯುವ ಮನೆಯಲ್ಲಿ ಉಳಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಪಾತ್ರೆಗಳನ್ನು ನಡುವೆ ಇಟ್ಟರೆ ಎಲ್ಲರೂ ಬಡಿಸಿಕೊಳ್ಳಬಹುದು.

ಊಟದ ಪ್ರಾರ್ಥನೆ ಚಿಕ್ಕದಾಗಿರಲಿ, ಅನ್ನ ಆರುವಷ್ಟು ಉದ್ದವಾಗಬಾರದು. ಅನ್ಯಮತದ ಅತಿಥಿಯಿದ್ದರೆ “ನಾವು ಊಟಕ್ಕೆ ಮೊದಲು ದೇವರಿಗೆ ಸ್ತೋತ್ರ ಹೇಳುತ್ತೇವೆ” ಎಂದು ತಿಳಿಸಿ, ಕಣ್ಣುಮುಚ್ಚಲು ಒತ್ತಾಯಿಸದೆ ಪ್ರಾರ್ಥಿಸಿ. ಅತಿಥಿಯ ಕಷ್ಟವನ್ನು ಅವರ ಅನುಮತಿಯಿಲ್ಲದೆ ಎಲ್ಲರೆದುರಿನ ಪ್ರಾರ್ಥನೆಯಲ್ಲಿ ಹೇಳುವುದು ಬಹಳ ನೋಯಿಸುತ್ತದೆ.

ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ, ಮಕ್ಕಳು ಯಾಕಿಲ್ಲ, ರೋಗ ಯಾವ ಹಂತದಲ್ಲಿದೆ, ಮೊದಲು ನಿಮ್ಮ ಜಾತಿ ಯಾವುದಿತ್ತು ಎಂಬ ಪ್ರಶ್ನೆಗಳು ಆ ಮನೆಯಲ್ಲಿ ಹುಟ್ಟಲೇಬಾರದು. ಊರಿನಲ್ಲಿ ಈಗ ಮಳೆ ಹೇಗಿದೆ, ಮುಂಬಯಿಗೆ ಮೊದಲು ಬಂದಾಗ ಎಲ್ಲಿ ಇಳಿದಿರಿ, ನಿಮ್ಮ ಮನೆಯಲ್ಲಿ ಈ ಸಾರನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಮಾತಾಡದವರನ್ನು ಮಾತಾಡಿಸಲೇಬೇಕೆಂಬ ಹಟವೂ ಬೇಡ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಆರಾಧನೆಗೆ ಬಂದಿದ್ದ ನರ್ಸ್ ಒಬ್ಬಳು ನಮ್ಮಲ್ಲಿ ಊಟವಾಗಿ, ಕೈಯಲ್ಲಿದ್ದ ಬಾಳೆಹಣ್ಣನ್ನು ಅರ್ಧ ಸುಲಿದು ಹಾಗೆಯೇ ಗೋಡೆಗೊರಗಿ ನಿದ್ದೆಹೋದಳು. ನನ್ನ ಅತ್ತೆ ಹಣ್ಣನ್ನು ಮೆಲ್ಲಗೆ ತೆಗೆದು ತಟ್ಟೆಯಲ್ಲಿಟ್ಟು, ತಲೆಯ ಕೆಳಗೆ ದಿಂಬು ಸರಿಸಿ, ಮಕ್ಕಳನ್ನು ಒಳಕ್ಕೆ ಕರೆದುಕೊಂಡು ಹೋದರು. ಎದ್ದಾಗ ಆ ಹುಡುಗಿ ನಾಚಿಕೊಂಡಳು. “ನಿನ್ನ ಅಮ್ಮನ ಮನೆಯಲ್ಲಿ ಮಲಗುತ್ತಿರಲಿಲ್ಲವಾ?” ಎಂದು ಅತ್ತೆ ಕೇಳಿದ ಮೇಲೆ ಚಹಾ ಕುಡಿದು ಹೋದಳು. ಅವಳಿಗೆ ಅಂದು ಬೇಕಾಗಿದ್ದದ್ದು ಆ ನಿದ್ದೆಯೇ.

ಅತಿಥಿ ತಟ್ಟೆ ತೊಳೆಯುತ್ತೇನೆಂದರೆ ಮನಸ್ಸಿದ್ದವರಿಗೆ ಬಿಡಿ. ಒಟ್ಟಿಗೆ ಪಾತ್ರೆ ತೊಳೆಯುವಾಗ ಹೊರಬರುವ ಮಾತುಗಳು ಚಾಪೆಯ ಮೇಲೆ ಬರುವುದಿಲ್ಲ. ಹೊರಡುವಾಗ ಒಂದು ಡಬ್ಬಿಯಲ್ಲಿ ರಾತ್ರಿಗಾಗುವಷ್ಟು ಕಟ್ಟಿಕೊಡಿ, ಡಬ್ಬಿ ಹಿಂದಕ್ಕೆ ಕೊಡಬೇಕಾಗಿಲ್ಲವೆಂದು ಹೇಳಿ. ರಿಕ್ಷಾದವರೆಗೋ ಸ್ಟೇಷನ್ನಿನವರೆಗೋ ಜೊತೆಗೆ ಹೋಗಿ.

ಹಂತ 8: ರಾತ್ರಿ ಉಳಿಯುವವರಿಗೆ ಸ್ಥಳ ಕೊಡುವುದು

ಊಟದ ಸತ್ಕಾರ ಕೆಲವು ತಿಂಗಳು ನಡೆದು ರೂಢಿಯಾದ ಮೇಲೆಯೇ ಈ ಹಂತಕ್ಕೆ ಬನ್ನಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಮತ್ಸ್ಯಗಂಧ ರೈಲಿನಲ್ಲೋ ಇಂಟರ್‌ವ್ಯೂಗೆ, ಪರೀಕ್ಷೆಗೆ, ಆಸ್ಪತ್ರೆಗೆ ಬರುವವರಿಗೆ ಈ ಊರಿನಲ್ಲಿ ಒಂದು ರಾತ್ರಿಯ ಸುರಕ್ಷಿತ ಜಾಗ ದೊಡ್ಡ ಸಹಾಯ.

ಶೂನೇಮಿನ ಸ್ತ್ರೀ ಪ್ರವಾದಿಯಾದ ಎಲೀಷನಿಗಾಗಿ ಮಾಳಿಗೆಯ ಮೇಲೆ ಚಿಕ್ಕ ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಟ್ಟಳೆಂದು 2 ಅರಸುಗಳು 4:10ರಲ್ಲಿದೆ. ಅವಳು ಗಂಡನೊಂದಿಗೆ ಮಾತಾಡಿಯೇ ಹಾಗೆ ಮಾಡಿದಳೆಂಬುದನ್ನೂ ಗಮನಿಸಿ. ಕೋಣೆಯಿಲ್ಲದ ನಮಗೆ ಆ ನಾಲ್ಕರ ಸ್ಥಾನದಲ್ಲಿ ಹಾಸಿಗೆ, ಬ್ಯಾಗು ಇಡಲು ಒಂದು ಸ್ಟೂಲು, ಫೋನು ಚಾರ್ಜು ಮಾಡಲು ಒಂದು ಪ್ಲಗ್ಗು, ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಸಾಕಾಗುತ್ತದೆ. ಬೆಳಿಗ್ಗೆ ಬಾತ್‌ರೂಮು ಯಾರಿಗೆ ಎಷ್ಟು ಹೊತ್ತಿಗೆ ಎಂಬುದನ್ನು ರಾತ್ರಿಯೇ ಹೇಳಿಬಿಡಿ. 7:12ರ ಲೋಕಲ್ ಹಿಡಿಯಬೇಕಾದ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಎಷ್ಟು ದಿನ ಎಂಬುದನ್ನು ಅವರು ಊರು ಬಿಡುವ ಮೊದಲೇ ಮಾತಾಡಿಕೊಳ್ಳಬೇಕು. ಆದಿ ಸಭೆಯ ಕಾಲದ ದಿದಾಖೆ ಎಂಬ ಕೈಪಿಡಿಯಲ್ಲಿ ದಾರಿಹೋಕನಾಗಿ ಬಂದವನು ಎರಡು, ಅಗತ್ಯಬಿದ್ದರೆ ಮೂರು ದಿನ ಇರಬಹುದೆಂದೂ, ಅಲ್ಲಿಯೇ ನೆಲೆಸಬೇಕೆಂದರೆ ದುಡಿದು ಉಣ್ಣಬೇಕೆಂದೂ ನಿಯಮವಿದೆ. ಇಂದಿಗೂ ಅದು ಸರಿಯಾದ ಅಳತೆ. ರೇಡಿಯೇಷನ್ ಚಿಕಿತ್ಸೆ ವಾರಗಟ್ಟಲೆ ನಡೆಯಬಹುದು. ಅಷ್ಟು ದಿನವನ್ನು ಒಂದೇ ಮನೆ ಹೊರುವುದು ಕಷ್ಟ. ಸಭೆಯ ನಾಲ್ಕೈದು ಮನೆಗಳು ಸೇರಿ, ಒಬ್ಬರು ಮಲಗಲು ಜಾಗ, ಒಬ್ಬರು ಮಧ್ಯಾಹ್ನದ ಡಬ್ಬಿ, ಒಬ್ಬರು ಆಸ್ಪತ್ರೆಗೆ ಜೊತೆ ಎಂದು ಹಂಚಿಕೊಂಡರೆ ಯಾರೂ ಬೀಳುವುದಿಲ್ಲ. ಪರೇಲು, ದಾದರ್ ಸುತ್ತಿನ ಧರ್ಮಶಾಲೆಗಳಲ್ಲಿ ಜಾಗ ಸಿಗುವವರೆಗೆ ಮಾತ್ರ ಮನೆಯಲ್ಲಿಟ್ಟುಕೊಳ್ಳುವುದೂ ಒಳ್ಳೆಯ ದಾರಿಯೇ.

ಪರಿಚಯವಿಲ್ಲದವರಾದರೆ ಅವರ ಊರಿನ ಸಭಾಪಾಲಕರೊಡನೆ ಫೋನಿನಲ್ಲಿ ಮಾತಾಡಿ, ಗುರುತಿನ ಚೀಟಿ ನೋಡಿ. ಇದು ಅಪನಂಬಿಕೆಯ ಲಕ್ಷಣವಲ್ಲ. ಸಭೆಯ ಸೇವಕಿಯಾದ ಫೊಯಿಬೆಯನ್ನು ಸೇರಿಸಿಕೊಳ್ಳಿರೆಂದು ಪೌಲನು ರೋಮಾಪುರದ ಸಭೆಗೆ ಬರೆದನು (ರೋಮಾಪುರ 16:1-2), ಆದಿ ಸಭೆಯಲ್ಲಿಯೂ ಒಪ್ಪಿಸುವ ಪತ್ರಗಳಿದ್ದವು. ಬಾಡಿಗೆ ಮನೆಯಾದರೆ ಒಪ್ಪಂದದಲ್ಲಿ ಅತಿಥಿಗಳ ಬಗ್ಗೆ ಏನಿದೆ ಎಂದು ಓದಿಕೊಳ್ಳಿ.

ಮಕ್ಕಳ ವಿಷಯದಲ್ಲಿ ಯಾವ ದಾಕ್ಷಿಣ್ಯವೂ ಬೇಡ. ಅತಿಥಿ ಎಷ್ಟೇ ಹತ್ತಿರದವರಾಗಿರಲಿ, ಎಷ್ಟೇ ಭಕ್ತರಾಗಿರಲಿ, ಮಕ್ಕಳನ್ನು ಅವರ ಕೋಣೆಯಲ್ಲಿ ಮಲಗಿಸಬಾರದು, ಮನೆಯಲ್ಲಿ ಅವರೊಂದಿಗೆ ಒಂಟಿಯಾಗಿ ಬಿಡಬಾರದು. ಮಗು ಒಬ್ಬ ಅತಿಥಿಯ ಹತ್ತಿರ ಹೋಗಲು ಹಿಂಜರಿದರೆ ಗದರಿಸದೆ ಕೇಳಿಸಿಕೊಳ್ಳಿ. ಹೆಂಡತಿ ಅಥವಾ ಗಂಡ ಒಬ್ಬರೇ ಮನೆಯಲ್ಲಿರುವ ರಾತ್ರಿ ಹೊಸಬರನ್ನು ಉಳಿಸಿಕೊಳ್ಳುವ ಬದಲು ಸಭೆಯ ಇನ್ನೊಂದು ಮನೆಗೆ ಕಳುಹಿಸಿ.

ಹಂತ 9: ಹಣ ಮತ್ತು ಗಡಿಗಳು

ತಿಂಗಳ ಖರ್ಚಿನಲ್ಲಿ ಇದಕ್ಕೆಂದು ಒಂದು ಲಕೋಟೆ ಬೇರೆ ತೆಗೆದಿಡಿ, ಅದರಲ್ಲಿದ್ದಷ್ಟೇ ಅಡುಗೆ. ಒಂದು ತಿಂಗಳು ಬೇಳೆಸಾರು ಅನ್ನ ಮಾತ್ರ ಆದರೆ ಅದೇ ಆಗಲಿ. ದ್ವೇಷವಿರುವಲ್ಲಿ ಕೊಬ್ಬಿದ ದನದ ಮಾಂಸಕ್ಕಿಂತ ಪ್ರೀತಿಯಿರುವಲ್ಲಿ ಸೊಪ್ಪಿನ ಊಟ ಮೇಲೆಂದು ಜ್ಞಾನೋಕ್ತಿ 15:17 ಹೇಳುತ್ತದೆ.

ಊಟಕ್ಕೆ ಬಂದವರು ಸಾಲ ಕೇಳುವ ಸಂದರ್ಭ ಬಂದೇ ಬರುತ್ತದೆ. ಅಲ್ಲಿಯೇ ಒಪ್ಪಬೇಡಿ, ಅಲ್ಲಿಯೇ ತಿರಸ್ಕರಿಸಲೂ ಬೇಡಿ. “ನಾವಿಬ್ಬರೂ ಮಾತಾಡಿ ನಾಡಿದ್ದು ಹೇಳುತ್ತೇವೆ” ಎನ್ನಿ. ನಿಜವಾದ ಕಷ್ಟವಿದ್ದರೆ ಕೊಡಬಹುದಾದಷ್ಟನ್ನು ದಾನವಾಗಿಯೇ ಕೊಟ್ಟುಬಿಡಿ. ಸಾಲವಾಗಿ ಕೊಟ್ಟರೆ ಅವರು ನಾಚಿಕೆಯಿಂದ ಮನೆಗೂ ಬರದೆ, ಚರ್ಚಿಗೂ ಬರದೆ ದೂರವಾಗುವುದನ್ನು ನಾವೆಲ್ಲ ನೋಡಿದ್ದೇವೆ.

ನಿಲ್ಲಿಸಿ ಸುಧಾರಿಸಿಕೊಳ್ಳಬೇಕೆಂದು ತಿಳಿಸುವ ಲಕ್ಷಣಗಳು ಇವು: ಶನಿವಾರ ರಾತ್ರಿ ಮನೆಯಲ್ಲಿ ಜಗಳವಾಗತೊಡಗುತ್ತದೆ, ಮಕ್ಕಳು “ಇವತ್ತೂ ಯಾರಾದರೂ ಬರ್ತಾರಾ?” ಎಂದು ಬೇಸರದಿಂದ ಕೇಳುತ್ತಾರೆ, ಅತಿಥಿಯ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವ ಆಸೆ ಬರುತ್ತದೆ, ಯಾರು ನಮ್ಮನ್ನು ತಿರುಗಿ ಕರೆದಿಲ್ಲವೆಂಬ ಲೆಕ್ಕ ಮನಸ್ಸಿನಲ್ಲಿ ಶುರುವಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಒಂದು ತಿಂಗಳು ಬಿಟ್ಟು, ಮತ್ತೆ ಹಂತ 1ಕ್ಕೆ ಹೋಗಿ ಮನೆಯವರೊಂದಿಗೆ ಕೂತುಕೊಳ್ಳಿ. ಕಾಯಿಲೆ, ಬಾಣಂತನ, ಸಾವು ಬಂದ ಮನೆಯವರು ನಿಲ್ಲಿಸಿದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಹಂತ 10: ಅವರ ಮನೆಗೆ ನಾವು ಹೋಗುವುದು

ಅನೇಕರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ನೀವು ಕರೆದವರು ಒಂದು ದಿನ ನಿಮ್ಮನ್ನೂ ಕರೆದರೆ, ಅವರದು ಚಾಳಿನ (ಸಾಲುಕೋಣೆಗಳ ಕಟ್ಟಡದ) ಹತ್ತಡಿ ಕೋಣೆಯಾಗಿದ್ದರೂ, “ನಿಮಗೆ ಯಾಕೆ ತೊಂದರೆ” ಎಂದು ತಪ್ಪಿಸಿಕೊಳ್ಳಬೇಡಿ. ಯೇಸು ತನ್ನ ಶಿಷ್ಯರನ್ನು ಕಳುಹಿಸುವಾಗ ಹೋದ ಮನೆಯವರು ಕೊಟ್ಟದ್ದನ್ನು ಉಂಡು ಕುಡಿಯಿರೆಂದು ಹೇಳಿದನು (ಲೂಕ 10:7-8). ಕೊಡುವವರಾಗಿ ಮಾತ್ರ ಉಳಿದವರ ಎದುರಿನಲ್ಲಿ ಪಡೆಯುವವರು ಎಂದೂ ತಲೆಯೆತ್ತಿ ಕೂರಲಾರರು.

ಇಡೀ ಕುಟುಂಬವನ್ನು ಕರೆದುಕೊಂಡು ಹೋಗುವ ಮೊದಲು ಎಷ್ಟು ಜನ ಬರಬಹುದೆಂದು ಕೇಳಿ. ದೊಡ್ಡ ಉಡುಗೊರೆ ಒಯ್ದು ಅವರನ್ನು ಮುಜುಗರಪಡಿಸಬೇಡಿ. ಅರ್ಧ ಡಜನ್ ಬಾಳೆಹಣ್ಣು ಅಥವಾ ಮಕ್ಕಳಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಸಾಕು. ಸ್ವಂತ ನೀರಿನ ಬಾಟಲಿಯನ್ನು ಅವರೆದುರು ತೆಗೆಯಬೇಡಿ. ಹೊಟ್ಟೆ ಸೂಕ್ಷ್ಮವಾದವರು ಚಹಾ ಕೇಳಿ ಕುಡಿಯಬಹುದು, ಅದು ಕುದಿಸಿದ್ದೇ. ಒಂದೇ ಕುರ್ಚಿಯಿದ್ದು ನಿಮಗೆ ಕೊಟ್ಟರೆ ಮನೆಯ ಹಿರಿಯರಿಗೆ ಬಿಟ್ಟು ನೆಲದ ಮೇಲೆ ಕೂತುಕೊಳ್ಳಿ. ಎರಡನೆಯ ಸಲ ಬಡಿಸಲು ಬಂದರೆ ಸ್ವಲ್ಪವಾದರೂ ಹಾಕಿಸಿಕೊಳ್ಳಿ, ಆದರೆ ಪಾತ್ರೆಯಲ್ಲಿ ಅವರಿಗೂ ಉಳಿದಿದೆಯೇ ಎಂದು ನೋಡಿಕೊಂಡು. ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿದರೆ ಅವರ ಹೆಸರು ಕೇಳಿ ಮಾತಾಡಿಸಿ. ಮುಂದಿನ ತಿಂಗಳ ಎರಡನೆಯ ಭಾನುವಾರಕ್ಕೆ ಕರೆಯಬೇಕಾದವರು ಅವರಲ್ಲಿಯೇ ಇರಬಹುದು. ಮನೆಗೆ ಬಂದ ಮೇಲೆ ಅವರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.